ಏಳು

ಮೆರೆಡಿನ್ ದಾಟಿದ ಮೇಲೆ, ಗೋಧಿ ಲಾರಿ ತೂಗುವ ಕಟ್ಟೆ.
ನವೆಂಬರಿನ ಬಿಸಿಲಿಗೆ ಚಟಪಟ ಎನ್ನುವ ತಗಡಿನ ಕೋಣೆ.
ಮೇಜಿನ ಕೆಳಗೊಂದು ನಾಯಿ,
ಮೇಜಿನ ಮೇಲೆ ಒಂಬತ್ತು ಸೂಜಿಯ ಹಳೇ ಪ್ರಿಂಟರು.

ಹೊಸ ಕಂಪ್ಯೂಟರು ಬಂದು ನಾಲ್ಕು ದಿನ.
ಅಂದಿನಿಂದ ಪ್ರತಿ ಚೀಟಿಯ ನೆತ್ತಿಯಲ್ಲೂ
ಸುರುಳಿ ಸುತ್ತಿಕೊಂಡ ಒಂದು ಚಿಹ್ನೆ,
ಅಪ್ಪ ಅಮ್ಮ ಇಲ್ಲದ ಒಂದು ಆರ್.

ಪರ್ತಿನಿಂದ ಮೂರು ಗಂಟೆ ಕಾರು ಓಡಿಸಿ ಬಂದ ನನಗೆ
ಕ್ಲೆಮ್ ಪಾಸ್ಕೋ ತೋರಿಸಿದ್ದು ಕಂಪ್ಯೂಟರನ್ನಲ್ಲ,
ಪ್ರಿಂಟರಿನ ಮುಚ್ಚಳದ ಒಳಮೈ.
ಅಲ್ಲಿ ನೀಲಿ ಪೆನ್ನಿನಲ್ಲಿ ಯಾರದೋ ದುಂಡು ಬರಹ:

    ೨೭, ೬೪ : ಎಲ್ಲ ಮರೆತುಬಿಡು
    ೨೭, ೧೧೪, ೧ : ಕೆಂಪು
    ೧೨ : ಹಾಳೆ ತಳ್ಳು
    ೭ :

ಏಳರ ಮುಂದೆ ಏನೂ ಇರಲಿಲ್ಲ.

ಇಪ್ಪತ್ತೇಳು ಅಂದರೆ ನಮ್ಮ ಪಂಚಾಂಗದಲ್ಲಿ ರೇವತಿ,
ಕೊನೆಯದಾದರೂ ಹೊಳೆಯುವ ನಕ್ಷತ್ರ.
ಇಲ್ಲಿ ಅದಕ್ಕೆ ಮೈಯಿಲ್ಲ, ಮಸಿ ತಾಗದು.
ಪಂಕ್ತಿಯ ತುದಿಯಲ್ಲಿ ಕೂತ ಹಿರಿಯರು ಕೆಮ್ಮಿದ ಹಾಗೆ:
ಕೆಮ್ಮಿಗೇನೂ ಅರ್ಥವಿಲ್ಲ,
ಕೆಮ್ಮಿದ ಮೇಲೆ ಆಡಿದ್ದು ಮಾತ್ರ ಬೇರೆಯೇ ಮಾತು.

ತಪ್ಪು ಪ್ರಿಂಟರಿನದಲ್ಲ. ನಡುವೆ ಕೂತ ಡ್ರೈವರು
ವಿಪರೀತ ಮರ್ಯಾದಸ್ಥ.
ಕಣ್ಣಿಗೆ ಕಾಣದ್ದೆಲ್ಲ ಕಸವೆಂದು ಗುಡಿಸಿ
ಉಳಿದದ್ದನ್ನು ಬೇಯಿಸಿ, ಬಸಿದು, ಬಡಿಸುತ್ತಿತ್ತು.
ಕೆಮ್ಮು ಬಾಗಿಲಾಚೆ. ಕೆಂಪಾಗಬೇಕಿದ್ದ ತೂಕ ಕಪ್ಪು.
ಮಿತಿ ಮೀರಿದ ಲಾರಿಗಳೂ ಸಾಧುಗಳಂತೆ ಸಾಗಿದ್ದವು.
‘ಲಾರಿಯವರಿಂದ ಒಂದು ದೂರೂ ಇಲ್ಲ,’ ಅಂದ ಕ್ಲೆಮ್,
ನಗಲಿಲ್ಲ.

ಡ್ರೈವರನ್ನು ಬದಿಗೆ ಸರಿಸಿ ನೇರ ಪೋರ್ಟಿಗೇ
ಬೈಟುಗಳನ್ನು ಹಸಿಯಾಗಿ ಕಳಿಸಿದೆ.
ಎಲ್ಲ ಮರೆತುಬಿಡು, ಅಂದೆ.
ಸೂಜಿತಲೆ ಗಡಗಡನೆ ಎಡಕ್ಕೋಡಿ
ಗೋಡೆಗೆ ಬೆನ್ನು ಹಚ್ಚಿ ನಿಂತಿತು, ಈಗಷ್ಟೇ ಶಾಲೆಗೆ ಸೇರಿದ ಹಾಗೆ.
ಕೆಂಪು, ಅಂದೆ.
ಬಿಳಿ, ಹಳದಿ, ಗುಲಾಬಿ, ಮೂರು ಹಾಳೆಗೂ ಇಳಿಯುವಂತೆ ಕುಟ್ಟಿತು,
ಮೇಲಿನದರಲ್ಲಿ ಕುಂಕುಮದ ಕೆಂಪು: ಎರಡು ಟನ್ ಜಾಸ್ತಿ.

ಕೇಬಲ್ಲು ಸುತ್ತಿ ಚೀಲಕ್ಕೆ ಹಾಕಿದೆ.
ಕ್ಲೆಮ್ ಸಹಿ ಹಾಕಲಿಲ್ಲ.
ಮುಚ್ಚಳದ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ನಿಂತ.

ಅದು ಗಂಟೆ, ಅಂದೆ. ಹಳೇ ಕಾಲದ್ದು, ಈಗ ಯಾರಿಗೂ ಬೇಕಾಗಿಲ್ಲ,
ಎಲ್ಲ ಪರದೆಯ ಮೇಲೇ ಕಾಣುತ್ತದಲ್ಲ.
‘ಅವಳಿಗೆ ಪರದೆ ಓದಲು ಬರುವುದಿಲ್ಲ,’
ಮೇಜಿನ ಕೆಳಗೆ ನೋಡುತ್ತ ಅಂದ.

ನೋರೀನ್ ಕಾಲದಿಂದಲೂ ಹಾಗೆಯಂತೆ.
ಚೀಟಿ ಮುಗಿದು ಗಂಟೆ ಬಡಿದರೆ
ನಾಯಿ ಎದ್ದು ಬಾಗಿಲಿಗೆ ಹೋಗಬೇಕು,
ಲಾರಿಯವನ ಬುತ್ತಿಯಿಂದ ಬ್ರೆಡ್ಡಿನ ಅಂಚು ಬರಬೇಕು.
ನೋರೀನಳ ಕುರ್ಚಿ ಈಗ ಕ್ಲೆಮ್‌ನದು,
ಬರಹ ಅವಳದೇ, ನಾಯಿಯೂ.
ನಾಲ್ಕು ದಿನದಿಂದ ಅದು ಮೇಜಿನಡಿ ಬಿಟ್ಟು ಕದಲಿಲ್ಲ.

ಚೀಲ ಬಿಚ್ಚಿದೆ. ಕೇಬಲ್ಲು ಸಿಕ್ಕಿಸಿದೆ.
ಕಳಿಸಿದ್ದು ಒಂದೇ ಒಂದು ಬೈಟು.
ಸೂಜಿ ಅಲುಗಲಿಲ್ಲ, ಹಾಳೆ ಸರಿಯಲಿಲ್ಲ,
ರಿಬ್ಬನ್ನಿನ ಮಸಿ ಒಂದು ಚುಕ್ಕೆಯೂ ಖರ್ಚಾಗಲಿಲ್ಲ.

ಏಳು.

ಒಂದು ಕಿವಿ ಮೊದಲು. ಆಮೇಲೆ ಮುಂಗಾಲು.
ಮೈ ಕೊಡವಿಕೊಂಡು ಬಾಗಿಲಿಗೆ ಹೋಯಿತು.
ಹೊರಗೆ ಲಾರಿಯಿಲ್ಲ. ಬರೀ ಹೊಟ್ಟಿನ ಧೂಳು, ಬಿಳಿಚಿದ ರಸ್ತೆ.
ತಿರುಗಿ ನಮ್ಮಿಬ್ಬರನ್ನೂ ನೋಡಿತು,
ಸುಳ್ಳು ಹೇಳಿ ಕರೆದವರನ್ನು ನೋಡುವಂತೆ.

ಕ್ಲೆಮ್ ತನ್ನ ಡಬ್ಬಿ ತೆರೆದು
ಬ್ರೆಡ್ಡಿನ ಅಂಚು ಮುರಿದ.
ಅದೇ ಕೈಯಲ್ಲಿ ಸಹಿ ಹಾಕಿದ, ಬೆಣ್ಣೆ ಒರೆಸಿಕೊಳ್ಳದೆ.