ಎರಡೆಳೆ ಪಾಕ

ಕೇಕಿನ ನೆತ್ತಿಯ ಮೇಲೆ ಕೆಂಪಗೆ ಕೂತಿರುತ್ತದಲ್ಲ,
ಮಕ್ಕಳು ಎಲ್ಲಕ್ಕಿಂತ ಮೊದಲು ಕಿತ್ತು ಬಾಯಿಗಿಡುವುದು,
ಅದರ ಹೆಸರು ಕವಳಿ.
ಚೆರ್ರಿ ಅನ್ನುವುದು ಬೋರ್ಡಿನಲ್ಲಿ ಮಾತ್ರ.
ಹೇಳಬಾರದು ಅಂತಾನೆ ಕಾಯ್ತಾನ ಬಾಬ.
ಹೇಳುವುದಿಲ್ಲ. ಬರೆಯುತ್ತಿದ್ದೇನೆ, ಅಷ್ಟೆ.

ಕೋಡಿಬಾಗದ ಬೇಕರಿಯ ಹಿಂದುಗಡೆ ತಗಡಿನ ಶೆಡ್ಡು.
ಏಪ್ರಿಲ್ಲಿಗೆ ಹೊನ್ನಿ ಬರುತ್ತಾಳೆ, ತಲೆಯ ಮೇಲೆ ಬುಟ್ಟಿ,
ಮೊಣಕೈ ತನಕ ಮುಳ್ಳು ಗೀಚಿದ ಲೆಕ್ಕ.
ಕಾಯಿ ಹಸಿರಿರಬೇಕು, ಒಂದು ಮಗ್ಗುಲು ಮಾತ್ರ
ನಾಚಿದ ಹಾಗೆ ಕೆಂಪು. ಹಣ್ಣಾದರೆ ಕೆಲಸಕ್ಕೆ ಬಾರದು.
ಮುರಿದ ಕೊಡೆಯ ಕಡ್ಡಿ ಚೂಪು ಮಾಡಿಕೊಂಡು
ಬೀಜ ತೆಗೆಯುವವಳು ನಾನು.
ಬಿಳಿ ಹಾಲು ಬೆರಳಿಗೆ ಅಂಟಿ, ಒಣಗಿ ಕಪ್ಪಾಗಿ,
ತೆಂಗಿನೆಣ್ಣೆಗೂ ಬಗ್ಗದೆ,
ಸಂಜೆ ಬಸ್ಸಿನ ಟಿಕೇಟು ಕೈ ಬಿಡುವುದಿಲ್ಲ.

ಆಮೇಲೆ ಉಪ್ಪುನೀರಿನ ಡ್ರಮ್ಮು, ಸುಣ್ಣದ ತಿಳಿ.
ಇಡೀ ಮಳೆಗಾಲ ಅದರಲ್ಲೇ ವಾಸ.
ಬಣ್ಣವೂ ಹುಳಿಯೂ ಹೋಗಿ ಹೊರಬರುತ್ತದೆ
ಬೇಯಿಸಿದ ಮೀನಿನ ಕಣ್ಣಿನಷ್ಟು ಬಿಳಿ.
ಉಪ್ಪು ಬಿಡಲು ಏಳು ನೀರು.
ಕೆಂಪು ಹುಬ್ಬಳ್ಳಿಯಿಂದ ಬರುತ್ತದೆ, ಡಬ್ಬಿಯಲ್ಲಿ.

ಸಕ್ಕರೆಗೆ ಅವಸರವಿಲ್ಲ.
ಒಮ್ಮೆಗೇ ಗಟ್ಟಿ ಪಾಕ ಸುರಿದರೆ ಕಾಯಿ ಮುದುಡಿ
ಅಜ್ಜಿಯ ಕೆನ್ನೆಯಾಗುತ್ತದೆ.
ಇವತ್ತು ತೆಳು. ನಾಳೆ ಅದನ್ನೇ ಬಸಿದು, ಕುದಿಸಿ, ತುಸು ಗಟ್ಟಿ.
ನಾಡಿದ್ದು ಇನ್ನೂ ತುಸು.
ಹೆಬ್ಬೆರಳು ತೋರುಬೆರಳಿನ ನಡುವೆ ಒಂದೆಳೆ,
ಒಂಬತ್ತನೇ ದಿನ ಎರಡೆಳೆ.
ಒಳಗಿದ್ದ ನೀರು ಯಾರಿಗೂ ತಿಳಿಯದ ಹಾಗೆ ಎದ್ದು ಹೋಗಿ
ಆ ಜಾಗದಲ್ಲಿ ಸಿಹಿ ಬಂದು ಕೂರುತ್ತದೆ.
ಒಕ್ಕಲೆಬ್ಬಿಸುವುದೂ ಹೀಗೇ ಇರಬೇಕು ಅಂದೆ ಒಮ್ಮೆ.
ಹೊನ್ನಿ ನಗಲಿಲ್ಲ.

ನೌಕಾನೆಲೆಯ ಸಾಹೇಬರೊಬ್ಬರ ಹೆಂಡತಿ, ಶಿಮ್ಲಾ ಕಡೆಯವಳು,
ಮಗನ ಹುಟ್ಟುಹಬ್ಬದ ಕೇಕಿಗೆಂದು ಬಂದು
ಒಂದು ಕೆಂಪು ಕಚ್ಚಿ ಹಾಗೇ ನಿಂತಳು.
"ನಮ್ಮ ತವರಲ್ಲಿ ಚೆರ್ರಿ ಮರವೇ ಇತ್ತು. ಇದೇನು?"
ಕೇಳಿದ್ದು ಹಿಂದಿಯಲ್ಲಿ.
ಬಾಬ ಗೋಡೆಯ ಕ್ಯಾಲೆಂಡರ್ ನೋಡತೊಡಗಿದ.
ನಾನೇ ಶೆಡ್ಡಿನಿಂದ ಒಂದು ಹಸಿಕಾಯಿ ತಂದು
ಅವಳ ಅಂಗೈಯಲ್ಲಿಟ್ಟೆ.
"ಅರೆ, ನಮ್ಮ ಕ್ವಾರ್ಟರ್ಸ್ ಹಿಂದಿನ ಗುಡ್ಡದ ತುಂಬ ಇದೇ!
ಯಾರೂ ಕೊಯ್ಯುವುದೇ ಇಲ್ಲ."

ಬುಟ್ಟಿ ಸುರಿಯುತ್ತಿದ್ದ ಹೊನ್ನಿ
ಸುರಿಯುವುದನ್ನು ನಿಧಾನ ಮಾಡಿದಳು.
ಬೇಲಿ ಬರುವ ಮುಂಚೆ ಆ ಗುಡ್ಡದ ಬುಡದಲ್ಲಿ ಅವಳ ಒಲೆಯಿತ್ತು.
ಈಗ ಕವಳಿಗೆಂದು ಎರಡು ಬಸ್ಸು ಬದಲಿಸುತ್ತಾಳೆ.

ಮೇ ಕೊನೆಗೆ ಆಯಮ್ಮ ಮತ್ತೆ ಬಂದಳು,
ಕೈಯಲ್ಲಿ ಬಕೆಟ್ಟು, ಮುಂಗೈ ಮೇಲೆ ಹೊಸ ಗೀರು.
ಬಕೆಟ್ಟಿನ ತುಂಬ ಕವಳಿ, ಎಲ್ಲ ಕಪ್ಪಾಗಿ ಹಣ್ಣಾಗಿ
ಮುಟ್ಟಿದರೆ ಒಡೆಯುವಂಥವು.
"ಇದರಲ್ಲಿ ಚೆರ್ರಿ ಆಗೂದಿಲ್ಲ," ಬಾಬ ತಲೆಯಾಡಿಸಿದ.

ನಿಂತಲ್ಲೇ ತಿಂದೆವು, ಬೀಜದ ಸಮೇತ.
ಬಾಬನೂ ತಿಂದ, ಇಸ್ತ್ರಿಯ ಅಂಗಿಗೆ ಕಲೆ ಮಾಡಿಕೊಂಡು.
ಹೊನ್ನಿ ಒಂದೇ ಹಣ್ಣನ್ನು ಬಹಳ ಹೊತ್ತು
ಬಾಯಲ್ಲಿ ಇಟ್ಟುಕೊಂಡಿದ್ದು
"ಬಾವಿ ಕಡೀದು," ಅಂದಳು.
"ಮೇಲಿನ ಮಟ್ಟಿದು ಇಷ್ಟು ಸೀ ಇರೂದಿಲ್ಲ."

ಆ ಹೆಂಗಸಿಗೆ ಕನ್ನಡ ಬಾರದು.
ನನಗೆ ಎರಡೂ ಬರುತ್ತದೆ, ಆದರೂ ತಿರುಗಿಸಿ ಹೇಳಲಿಲ್ಲ.
ಒಳಗೆ ಒಂಬತ್ತನೇ ದಿನದ ಪಾಕ ಕುದಿಯುತ್ತಿತ್ತು.
ಎಳೆ ನೋಡಲು ಹೋದೆ.
ಬೆರಳಿನ ನಡುವೆ ಜಿಗುಟು
ಸಕ್ಕರೆಯದೋ ಕವಳಿಯ ಹಾಲಿನದೋ ತಿಳಿಯದೆ
ಎಷ್ಟೆಳೆ ಅಂತ ಬಾಬ ಕೂಗಿ ಕೇಳಿದರೂ
ಸುಮ್ಮನೆ ನಿಂತಿದ್ದೆ.