ಕೊಬ್ಬಿನ ಸೊಪ್ಪು

ಗೋಣಿಸೊಪ್ಪೇ, ನಿನ್ನ ಮೇಲೆ ನನಗೆ ಹಳೆಯ ಹಗೆ.
ಹನ್ನೊಂದರ ಹುಡುಗಿ ನಾನು,
ಗುದ್ದಲಿ ನನಗಿಂತ ಒಂದು ಗೇಣು ಉದ್ದ,
ಚುಕುರೋವಾದ ಹತ್ತಿಸಾಲಿನಲ್ಲಿ
ಬಾಗಿದ ಬೆನ್ನು ನೆಟ್ಟಗಾಗುವುದು
ನೀರಿನ ಹುಡುಗ ಬಂದಾಗ ಮಾತ್ರ.

“ಬೇರು ಬಿಡಬೇಡಿ,” ಹಿಂದಿನಿಂದ ಮೇಸ್ತ್ರಿ ಹಸ್ಬಿ,
“ಇದು ಸಾಯುವ ಜಾತಿಯಲ್ಲ.”
ನಿಜ. ಕೊಚ್ಚಿ ಎಸೆದರೆ
ಎಸೆದಲ್ಲೇ ಮೂರು ದಿನ ಸತ್ತಂತೆ ಮಲಗಿ
ನಾಲ್ಕನೆಯ ದಿನ ಮೊಣಕೈಯೂರಿ ಏಳುತ್ತಿದ್ದೆ.
ಕೆಂಪು ಕಾಂಡ, ದಪ್ಪ ಎಲೆ,
ಅಂಗಿಯ ಗುಂಡಿಯಷ್ಟೇ ಹಳದಿ ಹೂವು,
ಬಿಸಿಲೇರಿದಾಗ ಅರಳಿ, ಮಧ್ಯಾಹ್ನಕ್ಕೆ ಮುಚ್ಚಿ,
ನಮಗಿಂತ ಮೊದಲೇ ಕೂಲಿ ಮುಗಿಸಿ ಹೊರಟವರ ಹಾಗೆ.

ನಮ್ಮ ಮಾತಿನಲ್ಲಿ ನಿನ್ನ ಹೆಸರೇ ಒಂದು ಬೈಗುಳ:
ಸೆಮಿಜೊತು. ಕೊಬ್ಬಿದ ಸೊಪ್ಪು.
ಎರಡು ಸಾಲು ಹಿಂದೆ ಬಿದ್ದ ಹುಡುಗಿಯನ್ನೂ
ಹಾಗೇ ಕೂಗುತ್ತಿದ್ದರು.
ಆ ಹುಡುಗಿ ನಾನೇ.

ಹಗಲೆಲ್ಲ ಕೊಂದದ್ದನ್ನು ಸಂಜೆ
ಅಮ್ಮ ಮಡಿಲಲ್ಲಿ ತುಂಬಿ ತರುತ್ತಿದ್ದಳು.
ಗೋಧಿನುಚ್ಚು, ಒಂದು ಈರುಳ್ಳಿ, ನೀನು.
ಪಕ್ಕದ ಡೇರೆಯವರಿಗೆ ಕಾಣದ ಹಾಗೆ
ಪಾತ್ರೆಗೆ ಬೆನ್ನು ಕೊಟ್ಟು ಕೂರುತ್ತಿದ್ದೆ:
ಬದನೆಕಾಯಿಗೆ ಕಾಸಿಲ್ಲದವರ ಊಟ ನೀನು.
ತಿಂದೆ. ಬೆಳೆದೆ. ಯಾರಿಗೂ ಹೇಳಲಿಲ್ಲ.

ಈಗ ಅರವತ್ತಮೂರು.
ಕರತಾಷ್‌ನ ಆಸ್ಪತ್ರೆಯಲ್ಲಿ ಡಾಕ್ಟರ್ ಬೆರ್ಫಿನ್,
ನನ್ನ ಮೊಮ್ಮಗಳಿಗಿಂತ ನಾಲ್ಕೇ ವರ್ಷ ದೊಡ್ಡವಳು,
ನನ್ನ ರಕ್ತದ ಚೀಟಿ ಓದಿ ತಲೆಯಾಡಿಸಿದಳು.
“ಮೆವ್ಲುದೆ ಅಜ್ಜಿ, ಕೊಬ್ಬು ಬಿಡಿ.
ಬೆಣ್ಣೆ ಬಿಡಿ. ಕುರಿಬಾಲದ ಕೊಬ್ಬು ಬಿಡಿ. ಬಕ್ಲವಾ ಬಿಡಿ.”
ಸುಗ್ಗಿ ಮುಗಿದ ದಿನ ಹಸ್ಬಿ
ಒಬ್ಬೊಬ್ಬರ ಹೆಸರು ಹಿಡಿದು ಕೆಲಸದಿಂದ ಬಿಡಿಸಿದ ಹಾಗೆ.
ಆಮೇಲೆ ಪೆನ್ನು ಕಚ್ಚಿಕೊಂಡು,
“ಸೆಮಿಜೊತು ತಿನ್ನಿ. ಮೀನಿನಲ್ಲಿರುವಂಥ
ಒಳ್ಳೆಯ ಕೊಬ್ಬು ಅದರಲ್ಲಿದೆ.”

ಕೊಬ್ಬು ಬಿಟ್ಟು ಕೊಬ್ಬಿನ ಸೊಪ್ಪು ತಿನ್ನಲೇ?
ನಾನು ನಕ್ಕದ್ದಕ್ಕೆ ಹೊರಗಿನ ಸಾಲು ಇಣುಕಿತು.
ಅವಳು ನಗಲಿಲ್ಲ. ಎಲೆಯಲ್ಲಿ ಏನೇನಿದೆ ಎಂದು
ಬೆರಳು ಮಡಚಿ ಎಣಿಸಿದಳು:
ನರಕ್ಕೆ, ಎಲುಬಿಗೆ, ಏರಿದ ಒತ್ತಡಕ್ಕೆ.
“ಮಾತ್ರೆ ಮಾತ್ರ ನಿಲ್ಲಿಸಬೇಡಿ. ಇದು ಮದ್ದಲ್ಲ, ಊಟ.”
ಬಾಗಿಲಲ್ಲಿ ಕಿವಿಗೊಟ್ಟು ನಿಂತಿದ್ದ ಶಾಕಿರ್‌ಗೆ,
“ನಿಮಗೆ ಬೇಡ. ಮೂತ್ರಪಿಂಡದಲ್ಲಿ ಕಲ್ಲು ಬೆಳೆಯುವವರಿಗೆ
ಅದರ ಹುಳಿ ಆಗುವುದಿಲ್ಲ.”
ಪಾಪ, ಶಾಕಿರ್. ಬೇಡ ಎಂದಮೇಲೆ
ಬೇಕು ಎನ್ನಿಸಿತೇನೋ.

ಹಿತ್ತಲ ಗಿಡ ಮದ್ದಲ್ಲವೆನ್ನುತ್ತಾರೆ.
ನನಗೆಲ್ಲಿತ್ತು ಹಿತ್ತಲು? ನೀನಿದ್ದದ್ದು ಪರರ ಹತ್ತಿಯಲ್ಲಿ.
ಬಸ್ಸು ಹತ್ತಿ ಅಲ್ಲಿಗೇ ಹೋದೆ.
ಗುಡಿಸಿಟ್ಟಂತೆ ಮಣ್ಣು. ಬದುವಿನ ಮೇಲೆ ನೀಲಿ ಡ್ರಮ್ಮು.
ಗುದ್ದಲಿಗೆ ಸೋಲದವಳು
ಡ್ರಮ್ಮಿಗೆ ಸೋತೆಯಾ?
ಅಂಚಿನಲ್ಲಿ ನಾಲ್ಕು ಕುಡಿ, ಬಣ್ಣಗೆಟ್ಟು, ಸೊಟ್ಟಗೆ.
ಕೈ ಚಾಚಿದೆ. ಟ್ರ್ಯಾಕ್ಟರಿನವ ಕೂಗಿದ:
“ಅಜ್ಜೀ, ಬೇಡ! ನಿನ್ನೆ ತಾನೇ ಹೊಡೆದದ್ದು!”

ಅಂಗಡಿಯಲ್ಲಿ ನಿನ್ನ ಪೇಟೆಯ ತಂಗಿ ಸಿಕ್ಕಳು.
ನೆಟ್ಟನೆಯ ಕಾಲು, ಸೊಂಟಕ್ಕೆ ರಬ್ಬರ್ ಬ್ಯಾಂಡು,
ಹಣೆಯ ಮೇಲೆ ಬೆಲೆ.
ಕೈಗೆತ್ತಿಕೊಂಡು, ಓದಿ, ಮೆಲ್ಲಗೆ ಮರಳಿಟ್ಟೆ.

ಕೊನೆಗೆ ಕಂಡೆ ನಿನ್ನನ್ನು, ನಮ್ಮದೇ ಕಟ್ಟಡದ ಕೆಳಗೆ
ನೀರಿನ ಮೀಟರಿನ ಹಿಂದೆ, ಸಿಮೆಂಟಿನ ಬಿರುಕಿನಲ್ಲಿ.
ಮೊದಲ ಮಹಡಿಯಿಂದ ಯಾರೋ ಕೇಳಿದರು
ಏನು ಕಳೆದುಕೊಂಡಿರಿ ಎಂದು.

ಬೆಳ್ಳುಳ್ಳಿ ಜಜ್ಜಿ, ಮೊಸರು ಕಡೆದು,
ಹಸಿಹಸಿಯಾಗೇ ಕಲಸಿದೆ. ಹುಳಿ. ಹಲ್ಲಿಗೆ ಕಟುಂ ಎಂದಿತು.
ಮುಂದಿನ ತಿಂಗಳು ರಕ್ತ ಏನನ್ನುತ್ತದೋ ಗೊತ್ತಿಲ್ಲ.
ಈ ಸಲ ಬಾಗಿಲು ತೆರೆದಿಟ್ಟೇ ಉಂಡೆ.

ಚಿವುಟಿದ್ದು ಕುಡಿ ಮಾತ್ರ. ಬೇರು ಬಿಟ್ಟಿದ್ದೇನೆ.
ಹಸ್ಬಿ ತೀರಿಕೊಂಡು ಇಪ್ಪತ್ತು ವರ್ಷ.
ಆದರೂ ಏಳುವಾಗ, ಮಂಡಿ ಹಿಡಿದುಕೊಂಡು,
ಒಮ್ಮೆ ಹಿಂದೆ ತಿರುಗಿ ನೋಡಿದೆ.