ಕೈಗೆ ಗೊತ್ತಾಗದ ಹಾಗೆ

ತದಡಿಯ ಧಕ್ಕೆಯಲ್ಲಿ ಬಂಗಡೆ ಬುಟ್ಟಿ ಎತ್ತಿದವನು
ಬುಟ್ಟಿಯ ಜೊತೆಗೇ ಕೂತುಬಿಟ್ಟೆನಂತೆ. ನನಗೆ ನೆನಪಿಲ್ಲ.
ಎದೆ ನಿಂತದ್ದು ಹನ್ನೊಂದು ನಿಮಿಷ ಅಂತ
ಐಸ್ ಲಾರಿಯ ಡ್ರೈವರ್ ಹೇಳಿದ್ದು.
ಅವನ ಕೈಯಲ್ಲಿ ಮಾತ್ರ ಗಡಿಯಾರ ಇತ್ತು.
ನನ್ನ ಎದೆ ಒತ್ತಿದವನೂ ಅವನೇ,
ಟಯರಿಗೆ ಗಾಳಿ ಹೊಡೆದ ಹಾಗೆ.

ಮಣಿಪಾಲ ಮುಟ್ಟುವಷ್ಟರಲ್ಲಿ ಎದೆ ಸರಿಯಾಗಿತ್ತು.
ತಲೆಯೊಳಗಿನದು ಬೇರೆ.
ಡಾಕ್ಟರು ಚಿತ್ರ ಬರೆದು ತೋರಿಸಿದರು,
ನಾನು ನಮ್ಮ ಗಜನಿಯ ಲೆಕ್ಕದಲ್ಲಿ ತಿಳಿದುಕೊಂಡೆ:
ಹಲಗೆ ಬಾಗಿಲು ಕಾಯುವವ ಒಂದು ಹೊತ್ತು ಮಲಗಿದ,
ಹೊಳೆಯ ನೀರು ಒಳಗೆ ಬರಲಿಲ್ಲ,
ಸಿಗಡಿ ಸತ್ತವು, ಎಲ್ಲ ಅಲ್ಲ.
ಎಷ್ಟು ಸತ್ತವು, ಎಷ್ಟು ಉಳಿದವು
ಗೊತ್ತಾಗುವುದು ಕೈ ಎತ್ತಿದಾಗ.

ಸುಮ್ಮನಿದ್ದರೆ ಕೈಯೂ ಸುಮ್ಮನಿರುತ್ತದೆ,
ತೊಡೆಯ ಮೇಲೆ ಮಲಗಿದ ಬೆಕ್ಕು.
ನೋಡಿದವರು, ಇವನಿಗೆ ಎಂತ ಆಗಿದೆ ಮಾರಾಯಾ ಅನ್ನುತ್ತಾರೆ.
ಚಾ ಬೇಕು ಅನ್ನಿಸಲಿ,
ಆ ಬೇಕು ಭುಜ ದಾಟುವುದೇ ತಡ,
ಆಗಷ್ಟೆ ದೋಣಿಯ ಹಲಗೆಗೆ ಬಿದ್ದ ಇಸವಣ.
ಚಾ ಗೋಡೆಗೆ.

ನಡುಕವಲ್ಲ ಇದು.
ನಡುಕ ಅಪ್ಪನಿಗಿತ್ತು, ಮುಪ್ಪಿನಲ್ಲಿ,
ಹಂಚಿನ ಮೇಲಿನ ಜಿಟಿಜಿಟಿ, ಒಂದೇ ಸಮ.
ಇದು ಕರೆಯದಿದ್ದರೆ ಬರುವುದೇ ಇಲ್ಲ.
ಕರೆದರೆ ಕಚ್ಚುತ್ತದೆ.

ಗುಳಿಗೆ ಇದೆ: ಕೈ ಮಲಗುತ್ತದೆ, ಜೊತೆಗೆ ನಾನೂ.
ಒಂದು ಗ್ಲಾಸು ಗೇರುಹಣ್ಣಿನ ಫೆಣಿ ಬಿದ್ದರೆ ಕೈ ಸಾಧು.
ಡಾಕ್ಟರಿಗೆ ಹೇಳಿದೆ. ಹೌದು ಅಂದರು,
ಹೌದು ಅಂದು, ಬೇಡ ಅಂದರು.

ಬ್ಯಾಂಕಿನಲ್ಲಿ ಮೂರು ಸಹಿ ಮಾಡಿದೆ,
ಮೂರೂ ಬೇರೆ ಬೇರೆ ಪುರ್ಸು ಹರಿಕಂತ್ರ.
ಒಬ್ಬ ಕಾಗದ ಹರಿದ,
ಒಬ್ಬ ಗೆರೆ ದಾಟಿ ಮೇಜಿನ ಮೇಲೆ ನಡೆದ,
ಮತ್ತೊಬ್ಬ ಅಲ್ಲಿದ್ದ ಬಾಯಿಯ ಕನ್ನಡಕಕ್ಕೆ ಪೆನ್ನು ಎಸೆದ.
ಹೆಬ್ಬೆಟ್ಟು ಒತ್ತಿ ಅಂದಳು.
ಎಂಟನೇ ಇಯತ್ತೆ ಪಾಸಾದವ ನಾನು.
ಅಕ್ಷರ ಚಂದ ಅಂತ ಮಾಸ್ತರರು
ದಿನದ ಸುವಿಚಾರ ನನ್ನ ಕೈಲೇ ಬರೆಸುತ್ತಿದ್ದರು.
ಅವಳೇ ಹಿಡಿದು ಒತ್ತಿಸಿದಳು,
ಜೀವ ಇರುವ ಏಡಿಯನ್ನು ಹಿಡಿದ ಹಾಗೆ, ಬೆನ್ನ ಕಡೆಯಿಂದ.
ನಮ್ಮವರ ಮನೆಯವಳೇ ಇರಬೇಕು.

ಈಗ ಒಂದು ವಿದ್ಯೆ ಕಲಿತಿದ್ದೇನೆ.
ಲೋಟ ನೋಡಬಾರದು,
ಮನಸ್ಸಿನಲ್ಲೂ ಲೋಟ ಅನ್ನಬಾರದು.
ಮಗಳು ಸುಗಂಧಾ ಕೇಳುತ್ತಾಳೆ:
ಅಪ್ಪಾ, ಗಂಗಾವಳಿ ಅಳಿವೆಯಲ್ಲಿ ದೋಣಿ ಮಗುಚಿದ್ದು ಯಾವ ವರ್ಷ?
ಶುರು ಮಾಡುತ್ತೇನೆ: ಆ ವರ್ಷ ತಾರ್ಲಿ ಎಷ್ಟು ಬಿತ್ತೆಂದರೆ...
ನಾಲಗೆಯೂ ತೊಡರುತ್ತದೆ,
ಒಂದು ಶಬ್ದಕ್ಕೆ ಎರಡೆರಡು ಸಲ ಹುಟ್ಟು ಹಾಕಬೇಕು.
ಅಷ್ಟರಲ್ಲಿ ಕೈ, ಕಳ್ಳನ ಹಾಗೆ,
ಹೋಗಿ ಲೋಟ ತಂದಿರುತ್ತದೆ.
ಅರ್ಧ ಚಾ ಉಳಿದಿರುತ್ತದೆ. ಸಾಕು.

ಆದರೆ ಕತೆಗಳು ಮುಗಿಯುತ್ತ ಬಂದವು.
ಹೇಳಿದ್ದನ್ನೇ ಹೇಳಿದರೆ ಕೈಗೆ ಎಚ್ಚರಾಗುತ್ತದೆ.
ಮೊನ್ನೆಯಿಂದ ಸುಳ್ಳು ಸೇರಿಸುತ್ತಿದ್ದೇನೆ,
ಮಗುಚಿದ ದೋಣಿಯಲ್ಲಿ ನಾನೂ ಇದ್ದೆ ಅಂತ.

ಇವಳು ಸಂಜೆ ಗೋಕರ್ಣದಲ್ಲಿ ಮೀನು ಮಾರಿ ಬರುತ್ತಾಳೆ,
ಕೆನ್ನೆಯ ಮೇಲೆ ಒಂದು ಮೀನ ಪರೆ, ಬೆಳ್ಳಗೆ.
ತೆಗೆಯೋಣ ಅಂತ ಒಮ್ಮೆ ಕೈ ಚಾಚಿದ್ದೆ.
ತುಟಿ ಒಡೆದು ಎರಡು ದಿನ ಊದಿತ್ತು.
ಬಾಗಿಲು ತಾಗಿತು ಅಂದಳಂತೆ ಪೇಟೆಯಲ್ಲಿ.
ಎಲ್ಲರೂ ನಂಬಲಿಲ್ಲ.
ಯಾರು ನಂಬಲಿಲ್ಲ ಅಂತ ನಾನು ಕೇಳಲಿಲ್ಲ.

ನಿನ್ನೆ ರಾತ್ರಿ ಕರೆಂಟು ಹೋದಾಗ
ಚಾಪೆಯ ಮೇಲೆ ಬಿದ್ದಿದ್ದ ಈ ಕೈಯೊಳಗೆ
ಅವಳೇ ಬಂದು ಕೆನ್ನೆ ಇಟ್ಟಳು.
ಮಾತಾಡಲಿಲ್ಲ.
ನಾನು ಅವಸರ ಅವಸರವಾಗಿ ಗಂಗಾವಳಿಯನ್ನು ನೆನೆದೆ,
ತೆರೆಗಳನ್ನು, ನೊರೆಯನ್ನು,
ನಾನು ಇಲ್ಲದಿದ್ದ ಆ ದೋಣಿಯನ್ನು.

ಬೆಳಗ್ಗೆ ನೋಡಿದರೆ
ಹೆಬ್ಬೆಟ್ಟಿಗೆ ಪರೆ ಅಂಟಿತ್ತು.